ಯಾವ ಚಿಕ್ಕೋಳು?

ಆಂಜನಮ್ಮನ ಮನೆ ಟಿವಿ ಕೆಡಬಾರದ ಹೊತ್ತಲ್ಲಿ ಕೆಟ್ಟು ಕೂತಿತು. ಗಣೇಶನ್ನ ನೀರಿಗೆ ಬಿಟ್ಟ ಮಾರನೇ ಸಂಜೆ ಹೊಸಕೋಟೆ ಕಡೆ ಸಿಡಿಲು ಬಡಿದು, ಟಿವಿಯೊಳಗೆ ಟಪ್ಪಂತ ಸದ್ದಾಗಿ, ಪರದೆ ಕಪ್ಪಾಯಿತು. ಮಗ ಹೊಸದು ತರ್ತೀನಿ ಅಂತ ಹೊರಡೋ ಹೊತ್ತಿಗೆ ಪಕ್ಷ ಶುರುವಾಗಿತ್ತು. ಪಕ್ಷದಲ್ಲಿ ಹೊಸ ಸಾಮಾನು ಮನೆಗೆ ತರೋದುಂಟೇ? ಸತ್ತ ಹಿರಿಯರು ಬಂದು ಬಾಗಿಲಲ್ಲಿ ನಿಲ್ಲೋ ದಿನಗಳವು. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಅಮಾವಾಸ್ಯೆ ಕಳೀಲಿ ಅಂತ ಮಗ ಸುಮ್ಮನಾದ. ಆಂಜನಮ್ಮ ಸುಮ್ಮನಾಗುವ ಹೆಂಗಸಲ್ಲ. ಮರ್ಫಿ ಟೌನಿನಲ್ಲಿರೋ ಅಕ್ಕ ಪಟಾಲಮ್ಮನಿಗೆ ಫೋನ್ ಹಚ್ಚಿ, "ಅಕ್ಕಾ, ಏಳೂವರೆ ಸೀರಿಯಲ್ಲು ದಿನಾ ನೀನೇ ಹೇಳ್ಬೇಕು ಕಣಕ್ಕ. ಇಲ್ಲಾಂದ್ರೆ ನಂಗೆ ಮುದ್ದೆ ಇಳಿಯಲ್ಲ" ಅಂದಳು.

ಪಟಾಲಮ್ಮನಿಗೆ ಇನ್ನೇನು ಬೇಕು! ಸೀರಿಯಲ್ಲು ಮುಗಿದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು, ಫೋನಿನ ಸ್ಪೀಕರ್ ಹಾಕಿ, ಅವತ್ತಿನ ಕಥೆಯನ್ನ ಉಪ್ಪು ಖಾರ ಹಚ್ಚಿ ಹೇಳೋದು ಅವಳ ನಿತ್ಯದ ಕೆಲಸವಾಯಿತು. ಅವಳ ಬಾಯಲ್ಲಿ ಟಿವಿಯವರಿಗೂ ಮನೆಯವರಿಗೂ ಬೇರೆ ಬೇರೆ ಹೆಸರಿರಲಿಲ್ಲ. ಸೀರಿಯಲ್ಲಿನ ದೊಡ್ಡ ಸೊಸೆ ದೊಡ್ಡೋಳು, ಚಿಕ್ಕ ಸೊಸೆ ಚಿಕ್ಕೋಳು. ತನ್ನ ದೊಡ್ಡ ಮಗ ಶ್ರೀನಿವಾಸನ ಹೆಂಡತಿ, ಮಾರತ್ತಹಳ್ಳಿಯಲ್ಲಿ ಬೇರೆ ಮನೆ ಮಾಡಿಕೊಂಡಿರೋ ಭವ್ಯಳೂ ದೊಡ್ಡೋಳೇ. ಜೊತೆಗಿರೋ ಆನಂದನ ಹೆಂಡತಿ ರಮ್ಯಶ್ರೀಯೂ ಚಿಕ್ಕೋಳೇ. ಇಬ್ಬರು ಚಿಕ್ಕೋಳುಗಳಲ್ಲಿ ಯಾರ ಮಾತು ನಡೀತಿದೆ ಅಂತ ಅಕ್ಕತಂಗಿಗೆ ಗೊತ್ತಿತ್ತು, ಪಟಾಲಮ್ಮನ ಗಂಡ, ಸೊಸೆಯರ ಮಾವ ಮುನಿಆಂಜನಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ರಮ್ಯಳೊಬ್ಬಳಿಗೆ. ಯಾಕೆಂದರೆ ಅವಳು ಟಿವಿ ಮುಂದೆ ಕೂರುತ್ತಲೇ ಇರಲಿಲ್ಲ.

ಕೂರದೆ ಇರೋದಕ್ಕೆ ಕಾರಣ ಇತ್ತು. ಒಂಬತ್ತನೇ ಕ್ಲಾಸಿನಿಂದ ಅವಳಿಗೆ ಫಿಟ್ಸು. ಬೆಳಿಗ್ಗೆ ಒಂದು, ಸಂಜೆ ಎಂಟಕ್ಕೆ ಒಂದು ಮಾತ್ರೆ ತಪ್ಪದೆ ನುಂಗಿದರೆ ಎಲ್ಲರ ಹಾಗೇ ಇರುತ್ತಿದ್ದಳು, ಓದಿದ್ದಳು, ಆರಿ ಕಸೂತಿ ಕಲಿತು ರವಿಕೆಗಳಿಗೆ ಮಣಿ ಮುತ್ತು ಹೊಲಿದುಕೊಡುತ್ತಿದ್ದಳು. ಮದುವೆಯ ಮಾತು ಬಂದಾಗ ಕೆ.ಆರ್. ಪುರದ ಅವಳಮ್ಮ ಗಂಗಲಕ್ಷ್ಮಮ್ಮ, "ಬಾಯಿ ಬಿಟ್ಟೀಯಾ ಜೋಕೆ" ಅಂದಿದ್ದಳು. ರಮ್ಯ ಬಾಯಿ ಬಿಡಲಿಲ್ಲ. ಮದುವೆಯಾಗಿ ಎರಡು ವರ್ಷ, ಗಂಡನಿಗೂ ಹೇಳಿರಲಿಲ್ಲ. ಮರ್ಫಿ ಟೌನಿನ ಮೆಡಿಕಲ್ ಸ್ಟೋರಿನವನಿಗೆ ಬೀದಿಯವರ ಬಿಪಿ ಶುಗರು ಎಲ್ಲ ಬಾಯಿಪಾಠ, ಅಲ್ಲಿ ಕೊಳ್ಳೋ ಹಾಗಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಅಮ್ಮನೇ ಚಟ್ನಿಪುಡಿ ಡಬ್ಬಿಯ ತಳದಲ್ಲಿ ಮಾತ್ರೆ ಇಟ್ಟು ತಂದುಕೊಡುತ್ತಿದ್ದಳು. ರಮ್ಯ ಅದನ್ನ ಬಿಡಿಸಿ, ಮುತ್ತಿನ ಮಣಿಗಳ ಡಬ್ಬಿಯಲ್ಲಿ ಸುರಿದಿಡುತ್ತಿದ್ದಳು. ಬಿಳೀ ಮಣಿಯೊಳಗೆ ಬಿಳೀ ಮಾತ್ರೆ, ಯಾರಿಗೆ ಕಾಣುತ್ತೆ?

ಟಿವಿ ಬೆಳಕು ಮಿಣಮಿಣ ಅಂದ್ರೆ ಬಂದ್ಬಿಡುತ್ತೆ, ದೂರ ಇರು ಅನ್ನೋದೂ ಅಮ್ಮನ ಮಾತೇ. ಏಳೂವರೆಯಾದರೆ ರಮ್ಯ ಅಡುಗೆಮನೆ ಸೇರಿಬಿಡುತ್ತಿದ್ದಳು.

"ನಂಗೆ ಸೀರಿಯಲ್ ಅಷ್ಟು ಇಷ್ಟ ಇಲ್ಲ ಅತ್ತೆ."

"ಡಿಗ್ರಿ ಓದಿರೋರಿಗೆ ನಮ್ಮ ಸೀರಿಯಲ್ ಎಲ್ಲಿ ಹಿಡಿಸುತ್ತೆ ಬಿಡು" ಅಂತ ಪಟಾಲಮ್ಮ ಮೂತಿ ತಿರುವುತ್ತಿದ್ದಳು.

ಆ ತಿಂಗಳು ರವಿಕೆ ಆರ್ಡರೂ ಇರಲಿಲ್ಲ. ಮದುವೆಗಳೇ ಇಲ್ಲದ ಮೇಲೆ ರವಿಕೆಗೆ ಮುತ್ತು ಯಾರು ಹಾಕಿಸ್ತಾರೆ? ರಮ್ಯಳ ಕಸೂತಿ ಸ್ಟ್ಯಾಂಡು ನಡುಮನೆಯ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಮಾವ ಬೆಳಿಗ್ಗೆ ಸಂಜೆ ತಾರಸಿ ಮೇಲೆ ಪಾರಿವಾಳ ಹಾರಿಸಿಕೊಂಡು ಇರುತ್ತಿದ್ದರು. ಆನಂದ ಶಿವಾಜಿನಗರದ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಬರುತ್ತಿದ್ದ. ಮನೆಯಲ್ಲಿ ನಡೆಯುತ್ತಿದ್ದ ಜಗಳ ಒಂದೇ, ಮಾವನಿಗೂ ಅತ್ತೆಗೂ ರಿಮೋಟಿಂದು.

"ಏ, ಕಬಡ್ಡಿ ಶುರುವಾಯ್ತು, ಹಾಕೇ."

"ಸೀರಿಯಲ್ ಮುಗೀಲಿ. ಅವರು ಎಲ್ಲಿಗೂ ಓಡಿ ಹೋಗಲ್ಲ, ಗೆರೆ ಒಳಗೇ ಇರ್ತಾರೆ."

ಅಂಥ ಒಂದು ಸಂಜೆ ರಮ್ಯ ಒಣಗಿದ ಬಟ್ಟೆ ತರಲು ಹಿತ್ತಿಲ ಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ಅತ್ತೆ, ಕೈಯಲ್ಲಿ ಫೋನು.

"ಚಿಕ್ಕೋಳ ವಿಷಯ ಏನಾಯ್ತಕ್ಕ?" ಅಂತು ಹೊಸಕೋಟೆಯ ದನಿ.

"ಅಯ್ಯೋ, ಅವಳ ಕಥೆ ಕೇಳ್ತೀಯಾ? ಕದ್ದು ಮಾತ್ರೆ ನುಂಗ್ತಾವ್ಳೆ ಕಣೇ. ದಿನಾ! ಗಂಡ ಅನ್ನೋ ಬಡಪಾಯಿಗೆ ಚೂರೂ ಗೊತ್ತಿಲ್ಲ."

"ಅಯ್ಯಯ್ಯೋ! ಎಲ್ಲಿಟ್ಟವ್ಳೆ?"

"ಡಬ್ಬೀಲಿ ಬಚ್ಚಿಟ್ಟವ್ಳೆ. ಎಲ್ಲ ಅವರಮ್ಮಂದೇ ಕಿತಾಪತಿ. ಅವಳೇ ತಂದ್ಕೊಡೋದು."

"ಎಂಥಾ ಜನ ಅಕ್ಕಾ!"

"ಇಂಥೋರನ್ನ ಇಟ್ಕೋಬಾರ್ದು ಕಣೇ. ಬಟ್ಟೆ ಗಂಟು ಕಟ್ಟಿ ಬೀದಿಗೆಸೀಬೇಕು."

ರಮ್ಯ ಒಂದು ಬಟ್ಟೆಯನ್ನೂ ತೆಗೆಯದೆ ಹಿಂದಕ್ಕೆ ಬಂದು, ಒಲೆಯ ಮುಂದೆ ನಿಂತು, ಉರಿಯದ ಒಲೆಯ ಮೇಲಿನ ಪಾತ್ರೆಯನ್ನ ಸೌಟಿಂದ ತಿರುವುತ್ತಲೇ ಇದ್ದಳು. ಅತ್ತೆಗೆ ಡಬ್ಬಿ ಗೊತ್ತಾಗಿದೆ. ಅಮ್ಮ ತಂದುಕೊಡೋದೂ ಗೊತ್ತಾಗಿದೆ. ಗೊತ್ತಾಗಿಯೂ ಒಂದು ಮಾತು ಕೇಳದೆ, ಹೊಸಕೋಟೆಗೆಲ್ಲ ಹೇಳ್ತಿದ್ದಾರೆ. ಇನ್ನು ತನ್ನನ್ನ ಈ ಮನೆಯಲ್ಲಿ ಇಟ್ಟುಕೊಳ್ಳೋಲ್ಲ. ಆನಂದನಿಗೆ ಹೇಳೋಣ ಅಂದರೆ ಎಲ್ಲಿಂದ ಶುರು ಮಾಡೋದು? ಎರಡು ವರ್ಷ ಯಾಕೆ ಹೇಳ್ಲಿಲ್ಲ ಅಂದರೆ ಏನು ಉತ್ತರ?

ಅವತ್ತಿಂದ ಅವಳಿಗೆ ಊಟ ಸೇರಲಿಲ್ಲ. ಅತ್ತೆ ಆಡಿದ ಮಾತೆಲ್ಲ ತನಗೇ ಆಡಿದ ಹಾಗೆ ಕೇಳಿಸತೊಡಗಿತು. ಹುರುಳಿಕಾಯಿ ಸೋಸುತ್ತಾ ಪಟಾಲಮ್ಮ, "ಮೇಲೆ ನೋಡೋಕೆ ಚೆನ್ನಾಗೈತೆ, ಒಳಗೆಲ್ಲ ಹುಳ" ಅಂದರೆ ರಮ್ಯಳ ಕೈಯಿಂದ ಚಾಕು ಜಾರುತ್ತಿತ್ತು. ಹುರುಳಿಕಾಯಲ್ಲಿ ನಿಜವಾಗಿಯೂ ಹುಳ ಇತ್ತು, ಆದರೂ.

ಒಂದು ರಾತ್ರಿ ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿಯುತ್ತಾ ಕೇಳಿದರು, "ಏನೇ, ಚಿಕ್ಕೋಳದ್ದು ಗಂಡನಿಗೆ ಗೊತ್ತಾಯ್ತಾ?"

"ಇನ್ನೂ ಇಲ್ಲ. ಅಮಾವಾಸ್ಯೆ ದಿನ ಬಯಲಾಗುತ್ತೆ, ನೋಡ್ತಿರಿ. ಎಲ್ಲರ ಮುಂದೇನೇ."

ಆನಂದ ತಲೆ ಎತ್ತದೆ ನಕ್ಕ. "ಅಮ್ಮ, ನಿನಗೆ ಊಟ ಬಿಟ್ಟರೆ ಅದೇ."

ಅವನೂ ಒಂದೆರಡು ಸಲ ಪ್ರೋಮೋ ನೋಡಿದ್ದ. ರಮ್ಯ ನೋಡಿರಲಿಲ್ಲ. ತುತ್ತು ಗಂಟಲಲ್ಲಿ ಸಿಕ್ಕಿ, ಕೆಮ್ಮಿ, ಕಣ್ಣಲ್ಲಿ ನೀರು ಬಂತು. ಪಟಾಲಮ್ಮ ಎಡಗೈಯಲ್ಲಿ ಅವಳ ನೆತ್ತಿ ತಟ್ಟಿದಳು. "ನಿಧಾನ ಕಣಮ್ಮಾ. ಯಾರೋ ನೆನೆಸ್ಕೊಂಡವ್ರೆ." ತಲೆ ತಟ್ಟೋ ಕೈಯೇ ಬೀದಿಗೆಸೆಯುತ್ತಾ ಅಂತ ರಮ್ಯಳಿಗೆ ಇನ್ನೂ ಭಯವಾಯಿತು.

ಮಾರನೇ ದಿನ ಪಟಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಮನೆಯಲ್ಲಿ ನಿಂತಳು. "ರಮ್ಯಾ, ನಿನ್ನ ಸ್ಟ್ಯಾಂಡು, ಮಣಿ ಡಬ್ಬಿ ಎಲ್ಲ ತೆಗೆದು ಈಚೆಗಿಡು. ನಾನು ಒಂದೊಂದೇ ನೋಡಿ, ಒರೆಸಿ, ಅಟ್ಟಕ್ಕೆ ಹಾಕಿಸ್ತೀನಿ."

"ಯಾಕತ್ತೆ?"

"ಯಾಕೆ ಅಂದ್ರೆ? ಎಡೆ ಇಡೋ ಮೂಲೆ ಅದು. ಹಿರಿಯರು ಬಂದು ನಿನ್ನ ಮಣಿ ಮೇಲೆ ಕೂತ್ಕೊಂತಾರಾ?"

ಒಂದೊಂದೇ ನೋಡ್ತೀನಿ ಅಂದ ಮಾತೇ ರಮ್ಯಳ ಕಿವಿಯಲ್ಲಿ ನಿಂತಿತು. ಅತ್ತೆ ಪೊರಕೆ ತರಲು ಹೋದಳೋ ಇಲ್ಲವೋ, ಮುತ್ತಿನ ಡಬ್ಬಿ ಸೆರಗಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಓಡಿ, ಮಣಿ ಮಾತ್ರೆ ಬೇರೆ ಮಾಡಲೂ ಪುರಸೊತ್ತಿಲ್ಲದೆ ಎಲ್ಲವನ್ನೂ ಕಮೋಡಿಗೆ ಸುರಿದು ನೀರು ಬಿಟ್ಟಳು. ಒಂದಿಷ್ಟು ಮುತ್ತು ಮುಳುಗದೆ ತೇಲುತ್ತಿದ್ದವು. ಇನ್ನೊಂದು ಸಲ ನೀರು ಬಿಟ್ಟಳು.

ಆಮೇಲೆ ತಾರಸಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದಳು. ಪಾರಿವಾಳಗಳ ಗೂಡಿನ ಹಿಂದೆ ನಿಂತು, ಪಿಸುದನಿಯಲ್ಲಿ.

"ಅಮ್ಮ, ಇನ್ಮೇಲೆ ತರ್ಬೇಡ. ಅತ್ತೆಗೆ ಗೊತ್ತಾಗಿದೆ."

"ಏನಂದ್ರು?"

"ನನ್ ಹತ್ರ ಏನೂ ಅಂದಿಲ್ಲ. ಅಮಾವಾಸ್ಯೆ ದಿನ ಎಲ್ಲರ ಮುಂದೆ ಅಂತಾರಂತೆ. ನಾನು ಎಲ್ಲ ಚೆಲ್ಲಿಬಿಟ್ಟೆ. ಕೇಳಿದ್ರೆ ಇಲ್ಲ ಅನ್ನಬಹುದು."

"ಮಾತ್ರೆ ಬಿಟ್ರೆ ಹೆಂಗಮ್ಮಾ?"

"ಕೊನೇ ಸಲ ಬಂದು ಎಷ್ಟು ವರ್ಷ ಆಯ್ತಲ್ಲ. ವಾಸಿ ಆಗಿರುತ್ತೆ."

"ಹೂಂ. ಆಗಿರುತ್ತೆ" ಅಂದಳು ಅಮ್ಮ. ಇಬ್ಬರೂ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು, ಒಬ್ಬರೂ ನಂಬದೆ ಫೋನ್ ಇಟ್ಟರು.

ಮಾತ್ರೆ ಇಲ್ಲದ ದಿನಗಳು ಶುರುವಾದವು. ಎದ್ದ ಕೂಡಲೇ ರಮ್ಯ ತನ್ನ ಕೈಬೆರಳು ನೋಡಿಕೊಳ್ಳುತ್ತಿದ್ದಳು, ನಡುಗ್ತಿದೆಯಾ ಅಂತ. ಸೂಜಿ ಹಿಡಿಯಲು ಹೆದರಿದಳು, ಈಳಿಗೆಮಣೆ ಮುಂದೆ ಕೂರಲು ಹೆದರಿದಳು. ಬಚ್ಚಲಿನ ಚಿಲಕ ಹಾಕದೆ ಸ್ನಾನ ಮಾಡಿದಳು. ಮೊದಲೆಲ್ಲ ಸಂಜೆ ಎಂಟಾದರೆ "ನೀರು ಕುಡಿದು ಬರ್ತೀನಿ" ಅಂತ ಏಳುತ್ತಿದ್ದವಳು ಈಗ ಏಳುತ್ತಿರಲಿಲ್ಲ. ಆನಂದ ಅದನ್ನ ಕಂಡು ಖುಷಿಯಾಗಿದ್ದ. ಇವಳು ದಿನಾ ಏಳೋದು ಬೇಡ ಅಂತ ಆ ತಿಂಗಳಿಂದ ಅವನೇ ಹಿತ್ತಾಳೆ ಚೊಂಬಲ್ಲಿ ನೀರು ತಂದು ರೂಮಲ್ಲಿ ಇಡುತ್ತಿದ್ದ.

"ಯಾಕೆ ಹಿಂಗಿದ್ದೀಯ? ಅಮ್ಮ ಏನಾದ್ರೂ ಅಂದ್ರಾ?"

"ಇಲ್ಲ ರೀ."

"ಮುಖ ಬಿಳಿಚ್ಕೊಂಡಿದೆ. ಅಮಾವಾಸ್ಯೆ ಆದ್ಮೇಲೆ ಒಂದು ಸಲ ಡಾಕ್ಟ್ರಿಗೆ ತೋರಿಸೋಣ."

"ಡಾಕ್ಟ್ರು ಬೇಡ!" ಅಂದಳು ರಮ್ಯ, ಬೇಕಿದ್ದಕ್ಕಿಂತ ಜೋರಾಗಿ. ಆನಂದ ಅವಳ ಮುಖವನ್ನೇ ನೋಡಿದ.

ಅಮಾವಾಸ್ಯೆಯ ಹಿಂದಿನ ದಿನ ಕಜ್ಜಾಯ. ಹಿರಿಯರ ಎಡೆಗೆ ಅವರವರಿಗೆ ಬದುಕಿದ್ದಾಗ ಏನು ಪ್ರೀತಿಯೋ ಅದನ್ನೇ ಇಡಬೇಕು. ಮಾವನ ಅಪ್ಪನಿಗೆ ಕಜ್ಜಾಯ, ಮಟನ್ ಸಾರು, ಒಂದು ಕ್ವಾರ್ಟರು. ಮಾವನ ಅಮ್ಮನಿಗೆ ಎಲೆಅಡಿಕೆ, ನಶ್ಯದ ಡಬ್ಬಿ. ಪಟಾಲಮ್ಮ ನೆಲದ ಮೇಲೆ ಬಾಳೆಲೆ ಹಾಸಿಕೊಂಡು ಬೆಲ್ಲದ ಹಿಟ್ಟು ತಟ್ಟಿ ತಟ್ಟಿ ಕೊಡುತ್ತಿದ್ದಳು. ರಮ್ಯ ಒಲೆ ಮುಂದೆ ನಿಂತು ಬಾಣಲೆಗೆ ಬಿಡಬೇಕು.

"ಉರಿ ಸಣ್ಣಗಿರ್ಲಿ. ಒಳಗೆ ಬೇಯ್ಬೇಕು."

"ಹೂಂ ಅತ್ತೆ."

ಎರಡು ಮೂರು ಸಲ ಕಜ್ಜಾಯ ತೆಗೆದಿರಬೇಕು. ರಮ್ಯಳ ನಾಲಿಗೆಯ ಮೇಲೆ ಕಬ್ಬಿಣ ನೆಕ್ಕಿದ ಹಾಗೆ ಒಂದು ರುಚಿ ಬಂತು. ಎಡಗೈ ಹೆಬ್ಬೆರಳು ತಾನಾಗೇ ಅದುರಿತು. ಆ ರುಚಿ ಅವಳಿಗೆ ಗೊತ್ತು. ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದ ದಿನವೂ ಮೊದಲು ಬಂದದ್ದು ಅದೇ. ಎದುರಿಗೆ ಎಣ್ಣೆ ಕುದಿಯುತ್ತಿತ್ತು. ಹೇಳಿದರೆ ಬೀದಿ, ಹೇಳದಿದ್ದರೆ ಬಾಣಲೆ. ದೇವರೇ, ಇದೊಂದು ಸಲ ಬಿಟ್ಟುಬಿಡು ಅಂತ ಮನಸಲ್ಲೇ ಬೇಡಿಕೊಂಡಳು. ಬೆರಳು ಮತ್ತೆ ಅದುರಿತು. ಬಲಗೈಯಿಂದ ಗ್ಯಾಸ್ ಆರಿಸಿ, ಒಲೆ ಬಿಟ್ಟು ದೂರಕ್ಕೆ ಬಂದು, ಗೋಡೆಗೊರಗಿ ನೆಲದ ಮೇಲೆ ಕೂತಳು.

"ಅತ್ತೆ, ಎಣ್ಣೆ ಹತ್ರ ಹೋಗ್ಬೇಡಿ. ನಂಗೆ ಫಿಟ್ಸ್ ಬರುತ್ತೆ ಅತ್ತೆ. ಈಗ ಬರ್ತಿದೆ."

ಮಾತು ಪೂರ್ತಿ ಆಡಿದಳೋ ಇಲ್ಲವೋ ಅವಳಿಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ತಲೆ ಅತ್ತೆಯ ತೊಡೆಯ ಮೇಲಿತ್ತು. ಮುಷ್ಟಿಯಲ್ಲಿ ಬೀರುವಿನ ಬೀಗದಕೈ ಗೊಂಚಲು ತುರುಕಿದ್ದರು, ಮೂಗಿನ ಹತ್ತಿರ ಈರುಳ್ಳಿ ವಾಸನೆ. ಮಾವ ಪೇಪರ್ ಮಡಿಸಿ ಗಾಳಿ ಹಾಕುತ್ತಿದ್ದರು. ಪಟಾಲಮ್ಮನ ಕೈಯಲ್ಲಿದ್ದ ಬೆಲ್ಲದ ಹಿಟ್ಟೆಲ್ಲ ರಮ್ಯಳ ಕೂದಲಿಗೆ ಅಂಟಿತ್ತು.

"ಬಂತು, ಪ್ರಜ್ಞೆ ಬಂತು! ರಮ್ಯಾ, ಇಲ್ಲಿ ನೋಡವ್ವಾ. ನಾನು ಯಾರು ಹೇಳು?"

"ಅತ್ತೆ," ಅಂದಳು ರಮ್ಯ. ನಾಲಿಗೆ ದಪ್ಪಗಾಗಿತ್ತು. ಅಳು ತಾನಾಗೇ ಬಂತು. "ತಪ್ಪಾಯ್ತು ಅತ್ತೆ. ಮಾತ್ರೆ ಬಿಟ್ಬಿಟ್ಟೆ, ಅದಕ್ಕೇ ಬಂತು. ನಿಮಗೆ ಗೊತ್ತಾಯ್ತಲ್ಲ ಅಂತ ಹೆದರ್ಕೊಂಡು ಎಲ್ಲ ಚೆಲ್ಲಿಬಿಟ್ಟೆ."

"ನಂಗೇನು ಗೊತ್ತಾಯ್ತು? ಯಾವ ಮಾತ್ರೆ?"

"ಚಿಕ್ಕಮ್ಮಂಗೆ ಫೋನಲ್ಲಿ ಹೇಳ್ತಿದ್ರಲ್ಲ ಅತ್ತೆ. ಚಿಕ್ಕೋಳು ಕದ್ದು ಮಾತ್ರೆ ನುಂಗ್ತಾಳೆ, ಡಬ್ಬೀಲಿ ಬಚ್ಚಿಟ್ಟವಳೆ, ಅವರಮ್ಮ ತಂದ್ಕೊಡ್ತಾಳೆ ಅಂತ."

ಪಟಾಲಮ್ಮನ ಬಾಯಿ ತೆರೆದಿದ್ದು ತೆರೆದ ಹಾಗೇ ಇತ್ತು. ಮಾವ ಬೀಸೋದು ನಿಲ್ಲಿಸಿದರು.

"ಅಯ್ಯೋ ನಿನ್ ಮನೆ ಕಾಯ್ವಾಗ! ಅದು ಟಿವಿ ಚಿಕ್ಕೋಳು ಕಣೇ! ಮಕ್ಕಳಾಗದೇ ಇರ್ಲಿ ಅಂತ ಅವಳು ಮಾತ್ರೆ ನುಂಗ್ತಾಳೆ. ಸೀರಿಯಲ್ಲಲ್ಲಿ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ" ಅಂದರು ಮುನಿಆಂಜನಪ್ಪ. ಅಂದು, ತಡೆಯಲಾರದೆ ಫಕ್ಕನೆ ನಕ್ಕರು. ಪಟಾಲಮ್ಮನಿಗೂ ನಗು ಉಕ್ಕಿತು. ರಮ್ಯ ಅಳುತ್ತಲೇ ಇದ್ದಳು. ಆಮೇಲೆ ಪಟಾಲಮ್ಮನ ನಗು ನಿಧಾನಕ್ಕೆ ಇಳಿಯಿತು. ಹುಡುಗಿ ಏನು ಹೇಳಿದಳು ಅನ್ನೋದು ಆಗಷ್ಟೇ ಅವಳ ತಲೆಗೆ ಹೋಯಿತು.

"ಯಾವಾಗಿಂದ ಇದು?"

"ಒಂಬತ್ತನೇ ಕ್ಲಾಸಿಂದ."

"ಅಂದ್ರೆ ಮದುವೆಗೆ ಮುಂಚಿಂದ."

ಪಟಾಲಮ್ಮ ಅವಳ ತಲೆಯನ್ನ ತೊಡೆಯಿಂದ ಎತ್ತಿ, ದಿಂಬು ಎಳೆದು ಅದರ ಮೇಲಿಟ್ಟು ಎದ್ದಳು. ನಲ್ಲಿ ತಿರುಗಿಸಿ, ಕೈ ತೊಳೆದಳು. ಬೆಲ್ಲದ ಹಿಟ್ಟು ಬೇಗ ಹೋಗೋದಿಲ್ಲ, ತುಂಬಾ ಹೊತ್ತು ತೊಳೆಯುತ್ತಲೇ ಇದ್ದಳು.

ಸಂಜೆಗೆ ಗಂಗಲಕ್ಷ್ಮಮ್ಮ ಸುದ್ದಿ ತಿಳಿದು ಕೆ.ಆರ್. ಪುರದಿಂದ ಮೆಟ್ರೋ ಹತ್ತಿ ಓಡಿ ಬಂದಳು. ಚಪ್ಪಲಿ ಬಿಡುವ ಮೊದಲೇ, ಅಷ್ಟರಲ್ಲಿ ಡಬ್ಬಿಯ ಗುಟ್ಟೆಲ್ಲ ಕೇಳಿಕೊಂಡಿದ್ದ ಪಟಾಲಮ್ಮ, "ಬನ್ನಿ ಬೀಗರೇ, ಈ ಸಲ ಚಟ್ನಿಪುಡಿ ತರ್ಲಿಲ್ವಾ?" ಅಂದಳು.

"ಅಕ್ಕಾ, ತಪ್ಪೆಲ್ಲ ನಂದು. ಮಗೂನ ಏನೂ ಅನ್ಬೇಡಿ."

"ಹೆಣ್ಣು ಕೊಡೋವಾಗ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ತಗೊಂತಿದ್ರಾ?"

ಗಂಗಲಕ್ಷ್ಮಮ್ಮ ಬಾಗಿಲಲ್ಲೇ ಕೂತುಬಿಟ್ಟಳು. "ನಿಮಗಿಂತ ಮುಂಚೆ ಬಂದೋರಿಗೆ ಹೇಳಿದ್ದೆ ಅಕ್ಕಾ. ಒಬ್ರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದೋದ್ರು. ಇನ್ನೊಬ್ರು ಬೀದಿಗೆಲ್ಲ ಸಾರಿದ್ರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳಿದ್ದು ಒಂದೇ."

"ಆ ಒಂದನ್ನ ತಂದು ನನ್ನ ಒಲೆ ಮುಂದೆ ನಿಲ್ಲಿಸಿದ್ರಿ! ಅವಳು ಬಾಣಲೆ ಮೇಲೆ ಬಿದ್ದಿದ್ರೆ? ಊರು ಏನಂತಿತ್ತು ಗೊತ್ತಾ? ಪಟಾಲಮ್ಮ ಸೊಸೇನ ಸುಟ್ಲು ಅಂತಿತ್ತು. ನಿಮ್ಮ ಮಾತ್ರೆ ಕಥೆ ಆಗ ಯಾರು ಕೇಳ್ತಿದ್ರು?"

ಗಂಗಲಕ್ಷ್ಮಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಆನಂದ ಅಂಗಡಿಯಿಂದ ಬಂದ. ಅಪ್ಪ ಎರಡು ಮಾತಲ್ಲಿ ಹೇಳಿದರು. ಅವನು ರಮ್ಯಳ ಕಡೆ ಒಂದು ಸಲ ನೋಡಿ, ಹೆಲ್ಮೆಟ್ಟೂ ಕೆಳಗಿಡದೆ ತಾರಸಿ ಮೆಟ್ಟಿಲು ಹತ್ತಿಹೋದ.

"ಕರ್ಕೊಂಡ್ ಹೋಗ್ಲಾ ಅಕ್ಕಾ?" ಅಂತ ಗಂಗಲಕ್ಷ್ಮಮ್ಮ ಸಣ್ಣ ದನಿಯಲ್ಲಿ ಕೇಳಿದಳು.

"ನಾಳೆ ಎಡೆ. ಮನೆ ಸೊಸೆ ಇಲ್ದೆ ಎಡೆ ಹೆಂಗಿಡೋದು? ಆಮೇಲೆ ನೋಡೋಣ."

ಆಮೇಲೆ ಅಂದರೆ ಏನು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುನಿಆಂಜನಪ್ಪ ಮಾತ್ರ ಒಬ್ಬಳೇ ವಾಪಸ್ ಹೊರಟ ಬೀಗಿತಿಯ ಫೋನಿನಲ್ಲಿದ್ದ ಡಾಕ್ಟರ ಚೀಟಿಯ ಫೋಟೋ ತಮ್ಮ ಫೋನಿಗೆ ಹಾಕಿಸಿಕೊಂಡು ಹೊರಗೆ ಹೋಗಿ ಮಾತ್ರೆ ತಂದರು.

"ಎಲ್ಲಿ ತಂದ್ರಿ?" ಅಂದಳು ಪಟಾಲಮ್ಮ.

"ನಮ್ಮ ಮೂಲೆ ಮೆಡಿಕಲ್ ಸ್ಟೋರಲ್ಲೇ. ಯಾರಿಗೆ ಅಂದ. ನಮ್ಮ ಸೊಸೆಗೆ ಅಂದೆ."

"ಡಂಗುರ ಹೊಡ್ಕೊಂಡ್ ಬಂದ್ರಾ!"

"ಮತ್ತೆ? ಪಾರಿವಾಳಕ್ಕೆ ಅನ್ಲಾ?"

ಅಮಾವಾಸ್ಯೆ ಬೆಳಿಗ್ಗೆ ಆನಂದ ಶಿವಾಜಿನಗರದಿಂದ ಮಟನ್ ತಂದು ಕೊಟ್ಟ. ರಮ್ಯ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಡುಗೆಮನೆಯಲ್ಲಿ ಒಲೆಯ ಹತ್ತಿರ ಅವಳನ್ನ ಅತ್ತೆ ಬಿಟ್ಟಿರಲಿಲ್ಲ, ಮಾತೂ ಆಡಿಸಿರಲಿಲ್ಲ. ಆನಂದ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಒಂದು ಬೆಳ್ಳುಳ್ಳಿ ತಗೊಂಡ.

"ನಂದಿ ಬೆಟ್ಟಕ್ಕೆ ಬೈಕಲ್ಲಿ ಕರ್ಕೊಂಡು ಹೋಗಿದ್ನಲ್ಲ. ಅವತ್ತು ಬಂದಿದ್ರೆ?"

"ಮಾತ್ರೆ ತಗೊಂಡಿದ್ದೆ ರೀ ಅವತ್ತು."

"ದಿನಾ ನೀರು ಕುಡಿಯೋಕೆ ಹೋಗ್ತಿದ್ದಿದ್ದು ಅದಕ್ಕೇನಾ?"

"ಹೂಂ."

"ನಾನು ಪೆದ್ದನ ಥರ ಚೊಂಬು ತಂದಿಡ್ತಿದ್ದೆ." ಅವನು ಕೈಲಿದ್ದ ಬೆಳ್ಳುಳ್ಳಿಯನ್ನ ತಿರುಗಿಸುತ್ತಲೇ ಇದ್ದ. "ಹೇಳಿದ್ರೆ ನಾನೇನು ತಿಂದ್ಬಿಡ್ತಿದ್ನಾ? ನನ್ ಹತ್ರ ಹೇಳೋಕೂ ಭಯನಾ ನಿನಗೆ?"

"ಭಯ ಇತ್ತು" ಅಂದಳು ರಮ್ಯ. ಅವನು ಬೆಳ್ಳುಳ್ಳಿ ಸುಲಿಯದೆ ಹಾಗೇ ಮೊರಕ್ಕೆ ಹಾಕಿ ಎದ್ದುಹೋದ.

ಸಂಜೆಗೆ ಶ್ರೀನಿವಾಸ, ಭವ್ಯ ಮಾರತ್ತಹಳ್ಳಿಯಿಂದ ಬಂದರು. ಅವರಿಗೆ ಯಾರೂ ಏನೂ ಹೇಳಲಿಲ್ಲ. ಖಾಲಿಯಾದ ಮೂಲೆಯಲ್ಲಿ ಹಿರಿಯರ ಫೋಟೋ, ಹೊಸ ಪಂಚೆ, ಸೀರೆ, ಬಾಳೆಲೆಯ ಮೇಲೆ ಕಜ್ಜಾಯ, ವಡೆ, ಮಟನ್ ಸಾರು, ಮುದ್ದೆ, ಪಕ್ಕದಲ್ಲಿ ಕ್ವಾರ್ಟರು, ನಶ್ಯ. ಧೂಪ ಹಾಕಿ ಎಲ್ಲರೂ ಅಡ್ಡಬಿದ್ದರು. ಆಮೇಲೆ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಆಚೆ ಬರಬೇಕು. ಹಿರಿಯರು ಬಂದು ಉಣ್ಣೋವಾಗ ಬದುಕಿರೋರು ಮುಖ ನೋಡಬಾರದು. ಅವರ ಊಟ ಮುಗಿಯೋವರೆಗೂ ಬಾಗಿಲು ತೆಗೆಯೋ ಹಾಗಿಲ್ಲ.

ಎಲ್ಲರೂ ಮುಂದಿನ ಮೆಟ್ಟಿಲ ಮೇಲೆ ಕೂತರು. ಒಳಗೆ ಟಿವಿ ಆರಿತ್ತು. ಏಳೂವರೆ ಆಗಿ ಹೋಗಿದ್ದು ಪಟಾಲಮ್ಮನಿಗೆ ಪಕ್ಕದ ಮನೆಯ ಟಿವಿಯ ಹಾಡಿಂದ ಗೊತ್ತಾಯಿತು, ಆದರೂ ಅವಳು ಏನೂ ಅನ್ನಲಿಲ್ಲ. ರಮ್ಯ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದಳು. ಎಡೆ ಮುಗಿಯಿತು, ಇನ್ನು ಆ 'ಆಮೇಲೆ' ಬಂದೇಬಿಡುತ್ತೆ ಅಂತ ಕಾಯುತ್ತಿದ್ದಳು. ಆನಂದ ಗೇಟಿನ ಹತ್ತಿರ ನಿಂತಿದ್ದ.

ಪಟಾಲಮ್ಮನ ಫೋನು ಹೊಡೆದುಕೊಂಡಿತು. ಅಭ್ಯಾಸ ಬಲ, ಸ್ಪೀಕರ್ ಹಾಕಿದಳು.

"ಅಕ್ಕಾ, ನಾವು ಎಡೆ ಇಟ್ಟು ಆಚೆ ಕೂತಿದ್ದೀವಿ, ಎಂಟಾಗೋವರೆಗೂ ತಡೆಯೋಕಾಗ್ಲಿಲ್ಲ. ಬೇಗ ಹೇಳು, ಇವತ್ತು ಚಿಕ್ಕೋಳ ವಿಷಯ ಬಯಲಾಗ್ಬೇಕಿತ್ತಲ್ಲ!"

"ನಾನೂ ಆಚೇನೇ ಕೂತಿದ್ದೀನಿ ಕಣೇ. ನೋಡ್ಲಿಲ್ಲ."

"ಅಯ್ಯೋ, ಈ ದಿನಾನೇ ನೋಡ್ಲಿಲ್ವಾ!"

ಪಟಾಲಮ್ಮ ಫೋನಿನ ಮೇಲೆ ಕೈ ಮುಚ್ಚಿ, ಕೆಳಗಿನ ಮೆಟ್ಟಿಲ ಕಡೆ ಬಗ್ಗಿ, ಎರಡು ದಿನದಲ್ಲಿ ಮೊದಲ ಸಲ ರಮ್ಯಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು, "ಹೇಳ್ಲಾ?"

ರಮ್ಯ ಸುತ್ತ ನೋಡಿದಳು. ಭವ್ಯ ಇದ್ದಳು, ಶ್ರೀನಿವಾಸ ಇದ್ದ. ಇವತ್ತು ಹೊಸಕೋಟೆಗೆ ಹೋದ ಮಾತು ನಾಳೆ ನೆಂಟರಿಗೆಲ್ಲ ಮುಟ್ಟುತ್ತೆ. ಮುಚ್ಚಿಟ್ಟು ಮುಚ್ಚಿಟ್ಟು ಅವಳಿಗೂ ಸಾಕಾಗಿತ್ತು. ತಲೆ ಆಡಿಸಿದಳು.

ಪಟಾಲಮ್ಮ ಕೈ ತೆಗೆದಳು. "ಚಿಕ್ಕೋಳ ವಿಷಯ ನಿನ್ನೇನೇ ಬಯಲಾಯ್ತು ಕಣೇ ಆಂಜನಮ್ಮ."

"ನಿನ್ನೆನಾ? ಇವತ್ತು ಅಂತಿದ್ರು! ಯಾವ ಚಿಕ್ಕೋಳು?"

"ನಮ್ಮ ಚಿಕ್ಕೋಳು. ರಮ್ಯ. ಅವಳಿಗೆ ಫಿಟ್ಸ್ ಐತೆ. ಮಾತ್ರೆ ತಗೊಂತಾಳೆ. ತಗೊಂಡ್ರೆ ಏನೂ ಆಗಲ್ಲ."

ಭವ್ಯ ತಿರುಗಿ ನೋಡಿದಳು. ಶ್ರೀನಿವಾಸ ಏನೋ ಕೇಳಲು ಹೋದ, ಅಪ್ಪ ಅವನ ಮೊಣಕಾಲು ಒತ್ತಿ ಸುಮ್ಮನಿರಿಸಿದರು.

"ಅಕ್ಕಾ, ಮುಚ್ಚಿಟ್ಟು ಕೊಟ್ರಾ? ಬಟ್ಟೆ ಗಂಟು ಕಟ್ಟಿ ಬೀದಿಗೆಸೀಬೇಕು ಇಂಥೋರನ್ನ ಅಂತಿದ್ದೆ ನೀನೇ."

"ಅಂತಿದ್ದೆ. ಟಿವಿಯವಳನ್ನ ಏನು ಬೇಕಾದ್ರೂ ಅನ್ನಬಹುದು ಬಿಡು. ಅವಳೇನು ನಂಗೆ ಮುದ್ದೆ ಇಕ್ತಾಳಾ?" ಪಟಾಲಮ್ಮ ಫೋನನ್ನ ಇನ್ನೊಂದು ಕೈಗೆ ಬದಲಾಯಿಸಿದಳು. "ಇವಳು ಬೀಳೋ ಮುಂಚೆ ಒಲೆ ಆರಿಸಿದ್ಲು ಕಣೇ. ಎಣ್ಣೆ ಹತ್ರ ಹೋಗ್ಬೇಡಿ ಅತ್ತೆ ಅಂದ್ಲು. ತಾನು ಬೀಳೋ ಹೊತ್ತಲ್ಲಿ ನಂಗೆ ಹೇಳಿದ್ಲು ಅದನ್ನ. ಇಂಥೋಳನ್ನ ಎಲ್ಲಿಗೆ ಎಸೀಲಿ? ಅವರಮ್ಮನ ಮೇಲೆ ಸಿಟ್ಟೈತೆ, ಅದು ಬೇರೆ. ಅದು ಇರುತ್ತೆ."

ರಮ್ಯ ಮಂಡಿಗೆ ಮುಖ ಒತ್ತಿಕೊಂಡು ಅಳತೊಡಗಿದಳು. ಭವ್ಯ ಒಂದು ಮೆಟ್ಟಿಲು ಇಳಿದು ಬಂದು ಅವಳ ಪಕ್ಕ ಕೂತಳು. ಪಕ್ಕದ ಮನೆಯಲ್ಲಿ ಸೀರಿಯಲ್ಲು ಮುಗಿದ ಹಾಡು ಬಂತು. ಪಟಾಲಮ್ಮ ಕಿವಿ ನಿಮಿರಿಸಿದಳು.

"ಎಂಟಾಯ್ತು. ರಮ್ಯಾ, ಮಾತ್ರೆ ತಗೊಂಡ್ಯಾ?"

"ಒಳಗಿದೆ ಅತ್ತೆ. ಟಿವಿ ಪಕ್ಕ ಇಟ್ಟಿದ್ರು ಮಾವ."

ಎಲ್ಲರೂ ಮುಚ್ಚಿದ ಬಾಗಿಲ ಕಡೆ ನೋಡಿದರು. ಹಿರಿಯರು ಊಟಕ್ಕೆ ಕೂತು ಇನ್ನೂ ಮುಕ್ಕಾಲು ಗಂಟೆಯೂ ಆಗಿರಲಿಲ್ಲ.

"ಆಮೇಲೆ ತಗೊಂತೀನಿ ಅತ್ತೆ" ಅಂದಳು ರಮ್ಯ ಗಾಬರಿಯಿಂದ. "ಈಗ ತೆಗೀಬಾರ್ದು."

"ಆಮೇಲೆ ಗೀಮೇಲೆ ಇಲ್ಲ." ಪಟಾಲಮ್ಮ ಫೋನನ್ನ ಗಂಡನ ಕೈಗೆ ತುರುಕಿ, ಮಂಡಿ ಹಿಡಿದುಕೊಂಡು ಎದ್ದಳು. ಬಾಗಿಲ ಮೇಲೆ ಮೂರು ಸಲ ಬಡಿದು, ಒಳಗಿನವರಿಗೆ ಕೇಳುವ ಹಾಗೆ ಜೋರಾಗಿ ಹೇಳಿದಳು, "ಮಾವ, ಅತ್ತೆ, ಸ್ವಲ್ಪ ಪಕ್ಕಕ್ಕೆ ಸರ್ಕೊಂಡು ಊಟ ಮಾಡಿ. ನಮ್ಮ ಚಿಕ್ಕೋಳು ಮಾತ್ರೆ ತಗೋಬೇಕು."

ಬಾಗಿಲು ತೆರೆಯಿತು. ಧೂಪದ ಹೊಗೆ ಆಚೆ ಬಂತು. ಆನಂದ ಗೇಟಿನಿಂದ ಬಂದು, ಚಪ್ಪಲಿ ಬಿಟ್ಟು, ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಚೊಂಬಲ್ಲಿ ನೀರು ತಂದ.